ಬರೆದವಳ ಹೇಳಿಕೆ

ಏಳನೆಯ ಪೆಟ್ಟಿಗೆಯ ಮೂರನೆಯ ಕಟ್ಟನ್ನು ಬಿಚ್ಚಿ, ತುಕ್ಕು ಹಿಡಿದ ಗುಂಡುಪಿನ್ನನ್ನು ಕಾಗದ ಹರಿಯದ ಹಾಗೆ ಉಗುರಿನಿಂದ ಎಬ್ಬಿಸಿ ತೆಗೆದಾಗ, ಅಡಿಯಲ್ಲಿದ್ದ ಹಾಳೆಯ ಬರವಣಿಗೆ ಅವಳಿಗೆ ಪರಿಚಯದ್ದು ಅನ್ನಿಸಿತು. ಓದುವ ಮೊದಲೇ ಅನ್ನಿಸಿತು. ದೂರದಲ್ಲಿ ಬರುತ್ತಿರುವವರು ಯಾರೆಂದು ಮುಖ ಕಾಣುವುದಕ್ಕೆ ಮುಂಚೆ ನಡಿಗೆಯಿಂದಲೇ ತಿಳಿಯುತ್ತದಲ್ಲ, ಹಾಗೆ. ತಲೆಕಟ್ಟುಗಳು ಬೇಕಾದ್ದಕ್ಕಿಂತ ಉದ್ದ. ಒತ್ತಕ್ಷರಗಳು ಸಾಲಿನ ಕೆಳಗೆ ಹೆದರಿ ಕೂತಂತೆ ಸಣ್ಣ. ವಾಕ್ಯ ಮುಗಿದ ಕಡೆ ಚುಕ್ಕೆಯನ್ನು ಒತ್ತಿ ಒತ್ತಿ ಹಾಳೆ ತೂತಾಗುವಷ್ಟು ದಪ್ಪ ಮಾಡಿದ್ದು. ಯಾವುದೋ ಮಗು ಬರೆದದ್ದು ಅಂದುಕೊಂಡು ಒಂದು ಗಳಿಗೆ ನಕ್ಕಳು ಕೂಡ. ಆಮೇಲೆ ಹಾಳೆಯನ್ನು ತಿರುಗಿಸಿದಳು. ಹಿಂಬದಿಯಲ್ಲಿ ಎದೆ, ಸೊಂಟ, ತೋಳು, ಉದ್ದ ಎಂದು ಅಚ್ಚಾದ ಸಾಲುಗಳು, ಅವುಗಳ ಎದುರಿಗೆ ಅಂಕಿಗಳು. ನಾಲ್ಕನ್ನು ಕಾಲು ಮುರಿದ ಕುರ್ಚಿಯ ಹಾಗೆ ಬರೆಯುವವರು ಅವಳಿಗೆ ಗೊತ್ತಿದ್ದಂತೆ ಈ ಲೋಕದಲ್ಲಿ ಒಬ್ಬರೇ. ಅದು ಚಿಕ್ಕಮ್ಮನ ಅಳತೆ ಪುಸ್ತಕದಿಂದ ಹರಿದ ಹಾಳೆ. ಮುಂಬದಿಯ ಮಗು ತಾನೇ.

ಕಿಟಕಿಯ ಹತ್ತಿರ ಅಂಟಿನಣ್ಣ ಬೋಗುಣಿಯಲ್ಲಿ ಅಂಟು ಕಲಸುತ್ತಿದ್ದ. ಹರಿದ ಕಾಗದಕ್ಕೆ ತೆಳು ಕಾಗದ ಅಂಟಿಸಿ ಬದುಕಿಸುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಅದನ್ನೇ ಮಾಡಿ ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಅವಳ ಕೆಲಸ ಅದಕ್ಕಿಂತ ಸುಲಭದ್ದು. ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆಯಬೇಕು, ಪಿನ್ನು ತೆಗೆಯಬೇಕು, ಮಡಿಕೆ ಬಿಡಿಸಬೇಕು, ಮೇಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ನಂಬರು ಹಾಕಬೇಕು, ಪ್ರತಿಯೊಂದಕ್ಕೂ ಒಂದು ಚೀಟಿ ತುಂಬಬೇಕು. ಚೀಟಿಯಲ್ಲಿ ನಾಲ್ಕು ಸಾಲು: ಕಳಿಸಿದವರು, ತಲುಪಿದವರು, ದಿನಾಂಕ, ವಿಷಯ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಹಳೆಯ ಕಾಗದಪತ್ರಗಳ ಈ ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿದ್ದು ಅಕ್ಷರ ಚೆನ್ನಾಗಿದೆ ಅಂತ. ಚೀಟಿಗಳು ಮಾತಾಡು ಅನ್ನುವುದಿಲ್ಲ, ಅದೂ ಅವಳಿಗೆ ಹಿತವಾಗಿತ್ತು. ಈಗ ಬಿಚ್ಚುತ್ತಿದ್ದದ್ದು ಒಂದು ಪ್ರೆಸ್ಸಿನ ಮನೆತನದ ಹದಿಮೂರು ಪೆಟ್ಟಿಗೆ. ಮೂರು ತಲೆಮಾರು ಪುಸ್ತಕ ಅಚ್ಚು ಹಾಕಿದ ಮನೆ ಅಂತ ಮೇಡಂ ಹೇಳಿದ್ದರು. ಒಳಗಿದ್ದದ್ದು ಕಾಗದ ಪತ್ರ, ಬಸ್ಸಿನ ಟಿಕೆಟ್ಟು, ಔಷಧಿ ಚೀಟಿ, ಯಾರೋ ಯಾರಿಗೋ ಊಟಕ್ಕೆ ಬರಬೇಡ ಎಂದು ಬರೆದಿಟ್ಟ ತುಂಡು, ಕೆಂಪು ಶಾಯಿಯಲ್ಲಿ ತಿದ್ದಿದ ಅಚ್ಚಿನ ಕರಡುಗಳು. "ದೊಡ್ಡ ಮನೆತನ ಅಂದ್ರೆ ಏನಂದ್ಕೊಂಡೆ?" ಅಂತ ಮೊದಲ ದಿನವೇ ಅಂಟಿನಣ್ಣ ಅಂದಿದ್ದ. "ಅರ್ಧ ಲಾಂಡ್ರಿ ಚೀಟಿ, ಅರ್ಧ ಜಗಳ." ಪ್ರೆಸ್ಸು ಅಂದಾಗಲೂ ಅವಳಿಗೆ ಹೊಳೆದಿರಲಿಲ್ಲ. ಹೊಳೆದಿತ್ತೋ ಏನೋ. ಹೊಳೆದದ್ದನ್ನು ನೋಡದೆ ಪಕ್ಕಕ್ಕೆ ಸರಿಸುವುದು ಅವಳಿಗೆ ಚಿಕ್ಕಂದಿನಿಂದ ರೂಢಿ.

ಹಾಳೆಯ ಮೇಲೆ ಐದು ಸಾಲು. ಮಾನ್ಯರೇ, ನಾನು ಇಲ್ಲಿ ಕ್ಷೇಮ. ತಾವೂ ಕ್ಷೇಮವೆಂದು ನಂಬಿರುತ್ತೇನೆ. ತಾವು ಕೇಳಿದ್ದಕ್ಕೆ ಧನ್ಯವಾದಗಳು. ಇನ್ನು ಹೋಗಿ ಬರುತ್ತೇನೆ. ಇತಿ ತಮ್ಮ ವಿಶ್ವಾಸಿ. ವಿಶ್ವಾಸಿಯ ಹೆಸರಿರಲಿಲ್ಲ. ಹೆಸರು ಬೇಡ, ಅವರಿಗೆ ಗೊತ್ತಾಗುತ್ತೆ, ಎಂದಿದ್ದರು ಚಿಕ್ಕಮ್ಮ.

ಹೊಲಿಗೆ ಮಷೀನು ನಿಲ್ಲಿಸಿ, ಎಣ್ಣೆಯ ಬೆರಳನ್ನು ಚಿಂದಿ ಬಟ್ಟೆಗೆ ಒರೆಸಿಕೊಳ್ಳುತ್ತಾ ಅಂದಿದ್ದರು. ಮಧ್ಯಾಹ್ನ. ಶಾಲೆಗೆ ರಜೆ. ಅವಳು ನೆಲದ ಮೇಲೆ ಮಕ್ಕಳ ಅಂಗಿಗಳಿಗೆ ಗುಂಡಿ ಆರಿಸುತ್ತಾ ಕೂತಿದ್ದಳು. "ಪುಟ್ಟಿ, ನಿನ್ನ ಪೆನ್ ತಗೊಂಡು ಬಾ. ಒಂದು ಮಾತು ಬರೀಬೇಕು." ಅಳತೆ ಪುಸ್ತಕದ ಹಾಳೆಯೊಂದನ್ನು ಹರಿದು, ಅಂಕಿ ಇರುವ ಬದಿಯನ್ನು ಕೆಳಗೆ ಮಾಡಿ, ಕತ್ತರಿಸುವ ಮೇಜಿನ ಮೇಲೆ ಇಟ್ಟರು. "ಬರಿ. ಬರ್ತೀನಿ." ಅವಳು ಕಾದಳು. ಚಿಕ್ಕಮ್ಮನೂ ಕಾದರು. "ಅಷ್ಟೇನಾ?" "ಅಷ್ಟೇ. ಇನ್ನೇನು ಪುರಾಣ ಬರೀಬೇಕಾ?" ಹಾಗೆಂದವರೇ ಮುಖ ಕೆಂಪಾಗಿ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದ್ದರು. ಅವಳು ಹಾಳೆಯ ಎದುರು ಒಬ್ಬಳೇ ಉಳಿದಳು. ಅಷ್ಟು ದೊಡ್ಡ ಹಾಳೆ, ಒಂದೇ ಮಾತು. ಶಾಲೆಯಲ್ಲಿ ಪತ್ರಲೇಖನಕ್ಕೆ ಅವಳಿಗೆ ಹತ್ತಕ್ಕೆ ಒಂಬತ್ತು ಬಂದಿತ್ತು. ಕ್ಷೇಮ ಸಮಾಚಾರವಿಲ್ಲದ ಪತ್ರ ಬಾಗಿಲು ತಟ್ಟದೆ ಒಳಗೆ ಬಂದ ಹಾಗೆ ಎಂದು ಟೀಚರು ಹೇಳಿಕೊಟ್ಟಿದ್ದರು. ಅದೇ ವಾರ, ಶಾಲೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೋಗ್ತೀನಿ ಅಂದದ್ದಕ್ಕೆ ಚಿಕ್ಕಮ್ಮ ತಲೆಗೊಂದು ಮೊಟಕಿದ್ದರು. "ಹೋಗ್ತೀನಿ ಅನ್ನಬಾರದು, ಅಪಶಕುನ ನುಡೀಬೇಡ. ಹೋಗಿ ಬರ್ತೀನಿ ಅನ್ನು." ಹಾಗಾದರೆ ಬರ್ತೀನಿ ಎಂಬುದು ಹೋಗಿ ಬರ್ತೀನಿ ಎಂಬುದರ ಅವಸರದ ರೂಪ, ಬರೆಯುವಾಗ ಪೂರ್ತಿ ಬರೆಯುವುದು ಮರ್ಯಾದೆ. ಹತ್ತು ವರ್ಷದ ತಲೆ ಹಾಗೆ ಲೆಕ್ಕ ಹಾಕಿರಬೇಕು. ಹಾಗೆಯೇ ಹಾಕಿತ್ತು ಎಂದು ಇಷ್ಟು ಕಾಲ ನಂಬಿದ್ದಳು.

ಆದರೆ ಅದಕ್ಕೆ ಮುಂಚೆ, ಪರದೆಯ ಹಿಂದೆ ನಿಂತು, ಅವಳು ಇನ್ನೊಂದು ಮಾತನ್ನೂ ಕೇಳಿದ್ದಳು. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ, ಕಂಠಪಟ್ಟಿ ಸವೆದ ಅಂಗಿಗಳನ್ನು ತಂದು ಕೊಡುತ್ತಿದ್ದ, ದಪ್ಪ ಗಾಜಿನ ಕನ್ನಡಕದ ಅವರನ್ನು ಚಿಕ್ಕಮ್ಮ ಅವಳ ಹತ್ತಿರ ಮಾತ್ರ 'ನಮ್ಮ ಕನ್ನಡಕ' ಎನ್ನುತ್ತಿದ್ದರು. ಹೊಸ್ತಿಲ ಆಚೆಯೇ ನಿಂತು, ಅಂಗಿಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು, ಅವರು ಅಂದಿದ್ದರು: "ಅಣ್ಣ ಇನ್ನೊಂದು ಊರಲ್ಲಿ ಪ್ರೆಸ್ ತೆಗೀತಿದ್ದಾನೆ. ನನ್ನನ್ನ ಅಲ್ಲಿ ಇರು ಅಂತಿದ್ದಾನೆ. ನೀವೂ... ನನ್ನ ಜೊತೆ ಬರ್ತೀರಾ ಅಂತ. ಈಗ್ಲೇ ಹೇಳ್ಬೇಡಿ. ಎದುರಿಗೆ ಹೇಳೋಕೂ ಕಷ್ಟ, ಕೇಳೋಕೂ ಕಷ್ಟ. ಒಂದು ಸಾಲು ಬರೆದು ಕಳ್ಸಿ, ಸಾಕು." ಚಿಕ್ಕಮ್ಮನಿಗೆ ಅಂಕಿ ಬಿಟ್ಟರೆ ಬೇರೆ ಏನೂ ಬರೆಯಲು ಬಾರದು ಎಂದು ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಸಹಿ ಹಾಕಬೇಕಾದಲ್ಲೆಲ್ಲ ಚಿಕ್ಕಮ್ಮನ ಕೈಗೆ ಎಣ್ಣೆ ಆಗಿರುತ್ತಿತ್ತು. "ಕೈಯೆಲ್ಲ ಮಷೀನೆಣ್ಣೆ, ಪುಟ್ಟಿ, ನೀನೇ ಬರ್ಕೊಡು." ಪರದೆಯ ಹಿಂದೆ ನಿಂತವಳು ಕಾದದ್ದು ಇನ್ನೊಂದು ಮಾತಿಗೆ. ಹುಡುಗಿಯನ್ನೂ ಕರ್ಕೊಂಡು ಬನ್ನಿ ಎಂದು ಅವರು ಅನ್ನುತ್ತಾರೆ ಎಂದು. ಅವರು ಅನ್ನಲಿಲ್ಲ. ಅದು ಹೇಳಬೇಕಾದ ಮಾತೇ ಅಲ್ಲ, ಗೊತ್ತಿರುವುದೇ ಎಂದು ಅನ್ನಲಿಲ್ಲವೋ, ಅವಳ ನೆನಪೇ ಆಗಲಿಲ್ಲವೋ. ಅಮ್ಮ ಹೋದ ಮೇಲೆ ಚಿಕ್ಕಮ್ಮನ ಮನೆ ಬಿಟ್ಟರೆ ಅವಳಿಗೆ ಹೇಳಿಕೊಳ್ಳಲು ಇನ್ನೊಂದು ಮನೆಯಿರಲಿಲ್ಲ. ಅದಾದ ಮೂರನೆಯ ದಿನ ಅವಳು ಪೆನ್ ಹಿಡಿದದ್ದು. 'ಇನ್ನು' ಎಂಬ ಮಾತು ಎಲ್ಲಿಂದ ಬಂತು? ಟೀಚರು ಅದನ್ನು ಹೇಳಿಕೊಟ್ಟಿರಲಿಲ್ಲ.

"ತಾಯಿ, ಆ ಕಾಗದ ಏನು ಮಾಡ್ತು ನಿನಗೆ?" ಅಂಟಿನಣ್ಣ ಕೇಳಿದ. "ಹಂಗೆ ಹಿಡ್ಕೊಂಡ್ರೆ ಬೆವರು ಹತ್ತುತ್ತೆ." ಅವಳು ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ಇಟ್ಟ ಮೇಲೆ, ಓರೆಯಾಗಿ ಬಿದ್ದ ಬೆಳಕಿನಲ್ಲಿ, ಪೆನ್ಸಿಲಿನ ಗುರುತು ಕಂಡಿತು. 'ಹೋಗಿ'ಯ ಮೇಲೆ ತೆಳ್ಳಗೆ ಒಂದು ಗೆರೆ; ಅದರ ತುದಿ ಅಂಚಿಗೆ ಓಡಿ ಅಲ್ಲಿ ಸುತ್ತಿಕೊಂಡು ಕುಣಿಕೆಯಾಗಿತ್ತು. ಈ ಪದ ತೆಗೆಯಿರಿ ಎಂಬ ಗುರುತು. ಎರಡು ತಿಂಗಳಿಂದ ಕರಡುಗಳನ್ನು ಒರೆಸಿ ಒರೆಸಿ ಅವಳಿಗೆ ಆ ಭಾಷೆ ಬರುತ್ತಿತ್ತು. ಕುಣಿಕೆಯ ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು. ಎಲ್ಲವನ್ನೂ ರಬ್ಬರಿನಿಂದ ಅಳಿಸಲು ನೋಡಿ, ಅರ್ಧಕ್ಕೆ ಬಿಟ್ಟಿದ್ದರು. ಅಂದರೆ ಅವರಿಗೆ ಹೊಳೆದಿತ್ತು. ಆ ಒಂದು ಪದ ಇಲ್ಲದಿದ್ದರೆ ಏನಾಗುತ್ತದೆ ಎಂದು ಅವರು ಓದಿ ನೋಡಿಕೊಂಡಿದ್ದರು. ಆದರೆ ಬರೆದವರನ್ನು ಕೇಳದೆ ಒಂದು ಪದವನ್ನೂ ತೆಗೆಯುವವರಲ್ಲ ಅವರು. ಅವರ ಕರಡುಗಳಲ್ಲಿ ಎಲ್ಲೆಲ್ಲೂ ಇಂಥ ಪ್ರಶ್ನೆಯ ಗುರುತೇ. ಕೇಳಬೇಕಾದರೆ ಚಿಕ್ಕಮ್ಮನ ಹತ್ತಿರ ಹೋಗಿ, ನಿಮ್ಮ ಬರಹದಲ್ಲಿ ತಪ್ಪಿದೆಯೇ ಎನ್ನಬೇಕು. ಆ ವಕ್ರ ಅಕ್ಷರ, ಆ ತೂತು ಬಿದ್ದ ಚುಕ್ಕೆ, ಎಲ್ಲ ಚಿಕ್ಕಮ್ಮನದೇ ಎಂದು ಅವರು ತಿಳಿದಿದ್ದರಲ್ಲ. ಇಷ್ಟೇ ಬರುವ ಹೆಂಗಸಿಗೆ ನಿಮಗೆ ಬರುವುದಿಲ್ಲ ಎನ್ನುವುದು ಹೇಗೆ. ಹಾಗೆ ಯೋಚಿಸಿರಬೇಕು. ಅಥವಾ ಹಾಗಲ್ಲ, ಧೈರ್ಯವೇ ಇರಲಿಲ್ಲವೋ. ಸತ್ತವರ ಪೆನ್ಸಿಲ್ ಗುರುತಿಗೆ ಎಷ್ಟು ಬೇಕಾದರೂ ಅರ್ಥ ಹೇಳಬಹುದು.

ಮೇಡಂ ಬಾಗಿಲಲ್ಲಿ ತಲೆ ಹಾಕಿದರು. "ಏಳನೇ ಪೆಟ್ಟಿಗೆ ಇವತ್ತು ಮುಗೀಬೇಕಮ್ಮ. ಹೋದ ವರ್ಷ ತೀರಿಕೊಂಡರಲ್ಲ, ಕರಡು ತಿದ್ದುತ್ತಿದ್ದವರು, ನಾಲ್ಕು ಗಂಟೆಗೆ ಅವರ ಅಣ್ಣನ ಮಗ ಬರ್ತಾರೆ. ಕಳಿಸಿದವರು ಯಾರು, ವಿಷಯ ಏನು ಅಂತ ಗೊತ್ತಾಗದ ಚೂರುಪಾರೆಲ್ಲ ಒಂದು ಲಕೋಟೆಗೆ ಹಾಕಿಡು. ಅವರು ವಾಪಸ್ ತಗೊಂಡು ಹೋಗ್ತಾರೆ."

"ತಗೊಂಡು ಹೋಗೋದು ಎಲ್ಲಿಗೆ? ಗೇಟಿನ ಹತ್ತಿರ ಇರೋ ಕಸದ ಡಬ್ಬಿಗೆ," ಎಂದ ಅಂಟಿನಣ್ಣ. ಮೇಡಂ ಕೇಳಿಸದವರಂತೆ ಹೋದರು.

ಅವಳು ಚೀಟಿ ತೆಗೆದುಕೊಂಡಳು. ತಲುಪಿದವರು ಎಂಬಲ್ಲಿ ಅವರ ಹೆಸರು ಬರೆದಳು. ಕಳಿಸಿದವರು ಎಂಬಲ್ಲಿ ಪೆನ್ಸಿಲ್ ನಿಂತಿತು. ತಿಳಿಯದು ಎಂದು ಬರೆದರೆ ನಾಲ್ಕು ಗಂಟೆಗೆ ಈ ಹಾಳೆ ಲೋಕದಲ್ಲಿ ಇರುವುದಿಲ್ಲ. ಎಷ್ಟು ಸಲೀಸು. ಅವಳೇನೂ ಹರಿಯಬೇಕಾಗಿಲ್ಲ, ಸುಡಬೇಕಾಗಿಲ್ಲ. ದಿನಕ್ಕೆ ಹತ್ತು ಸಲ ಬರೆಯುವ ಪದವನ್ನೇ ಹನ್ನೊಂದನೆಯ ಸಲ ಬರೆದರಾಯಿತು. ಬರೆಯಲಿಲ್ಲ. ಅದೇ ಕಟ್ಟಿನ ಲಕೋಟೆಯೊಂದರಲ್ಲಿದ್ದ ಉಳಿದ ತುಣುಕುಗಳನ್ನು ಮೇಜಿನ ಮೇಲೆ ಸುರಿದಳು, ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಹಳದಿ ಬಣ್ಣದ ಸಣ್ಣ ಚೌಕಗಳು ನಾಲ್ಕು ಬಿದ್ದವು. 'ಹೆಂಗಸರ ಮತ್ತು ಮಕ್ಕಳ ಉಡುಪು ಹೊಲಿಯಲಾಗುವುದು.' ಅಚ್ಚಿನ ಮಾದರಿ. 'ಮತ್ತು' ಎಂಬುದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಆಮೇಲೆ ಇರಲಿ ಎಂದು ಕೆಳಗೆ ಚುಕ್ಕೆ ಇಟ್ಟಿದ್ದರು.

ಆ ದಿನ ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡು ಪ್ರೆಸ್ಸಿನ ಕೌಂಟರಿನ ಮುಂದೆ ನಿಂತಿದ್ದರು. ಪತ್ರವನ್ನು ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿಟ್ಟು ಕಳಿಸಿ ಹತ್ತು ದಿನವಾಗಿತ್ತು. ಹತ್ತು ದಿನವೂ ಚಿಕ್ಕಮ್ಮ ಹೊರಗೆ ಹೆಜ್ಜೆ ಸಪ್ಪಳವಾದಾಗ ಪೆಡಲು ನಿಲ್ಲಿಸುತ್ತಿದ್ದರು. ಬರಲಿಲ್ಲ. ಹನ್ನೊಂದನೆಯ ದಿನ ಹೊಸ ಬಟ್ಟೆ ಉಟ್ಟು, ಬೆರಳನ್ನು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದು ಹೊರಟರು. ಅವರು ಒಳಗಿನಿಂದ ಎದ್ದು ಬಂದು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ತಮಗೇನಾಗಬೇಕಿತ್ತು?" ಎಂದು ಕೇಳಿದರು. ತಮಗೆ. ಚಿಕ್ಕಮ್ಮನ ಹಿಡಿತ ಅವಳ ಅಂಗೈಯಲ್ಲಿ ಬಿಗಿಯಾಯಿತು. "ಒಂದು... ಲೇಬಲ್ ಅಚ್ಚು ಹಾಕ್ಸೋಣ ಅಂತ. ಬಟ್ಟೆಗೆ ಹಚ್ಚೋಕೆ." ಅವರು ಕಾಗದ ಎಳೆದುಕೊಂಡು ಬರೆದುಕೊಂಡರು. "ಅಕ್ಷರ ಎಷ್ಟು ದೊಡ್ಡದಿರಲಿ?" "ನೀವೇ ನೋಡಿ ಹಾಕಿ." "ಒಮ್ಮೆ ಓದಿ ನೋಡ್ತೀರಾ, ಸರಿಯಿದೆಯಾ ಅಂತ?" ಎಂದು ಕಾಗದವನ್ನು ಚಿಕ್ಕಮ್ಮನ ಕಡೆ ತಿರುಗಿಸಿದರು. ಚಿಕ್ಕಮ್ಮ ಬಹಳ ಹೊತ್ತು ಕಾಗದವನ್ನು ನೋಡಿ, ಸರಿಯಿದೆ ಎಂದರು. ಅವರಿಬ್ಬರ ನಡುವೆ ಅವಳ ಮೂಗಿನ ಎತ್ತರಕ್ಕೆ ಆ ಮರದ ಕಟ್ಟೆ ಇತ್ತು. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಅವಳಿಗೆ ಆಗಲೇ ಗೊತ್ತಿತ್ತೇ? ಕಟ್ಟೆಯ ಅಂಚಿನಲ್ಲಿ ಅಂಟಿದ್ದ ಒಣ ಶಾಯಿಯನ್ನು ಉಗುರಿನಿಂದ ಕೆರೆಯುತ್ತಿದ್ದದ್ದು ನೆನಪಿದೆ. ಮುಂದಿನ ತಿಂಗಳು ಕನ್ನಡಕದವರು ಒಬ್ಬರೇ ಆ ಇನ್ನೊಂದು ಊರಿಗೆ ಹೋದರು. ಚಿಕ್ಕಮ್ಮ ಅದನ್ನು ತಮಾಷೆ ಮಾಡಿಕೊಂಡರು. ಮಷೀನು ದಾರ ಕಡಿದಾಗಲೆಲ್ಲ, "ನೀನೂ ಓದಿದವರ ಹಾಗೆ ಮಾಡ್ಬೇಡ, ಕೇಳೋದೂ ಅವರೇ, ಬಿಡೋದೂ ಅವರೇ," ಎಂದು ಮಷೀನನ್ನು ಬೈಯುತ್ತಿದ್ದರು. ಹದಿಮೂರು ವರ್ಷದಿಂದ ಅವಳು ಆ ತಮಾಷೆಗೆ ನಗುತ್ತಾ ಬಂದಿದ್ದಳು.

ಮೂಲ ಹಾಳೆಯನ್ನು ಹೊರಗೆ ಒಯ್ಯುವಂತಿಲ್ಲ. ಐದು ಸಾಲನ್ನೂ ಇನ್ನೊಂದು ಕಾಗದಕ್ಕೆ ಇಳಿಸಿಕೊಂಡು, ಊಟದ ಬಿಡುವಿನಲ್ಲಿ ಮನೆಯ ಕಡೆ ನಡೆದಳು. ಎರಡು ಬೀದಿ ಆಚೆ. ಹೋಗುವಾಗ ಬೇಕೆಂದೇ ನಿಧಾನ ನಡೆದಳು, ಆಮೇಲೆ ನಿಧಾನ ನಡೆದದ್ದಕ್ಕೆ ನಾಚಿ ಓಡಿದಳು.

"ಇದೇನೇ, ಸೂರ್ಯ ಯಾವ ಕಡೆ ಹುಟ್ಟಿದ?" ಚಿಕ್ಕಮ್ಮ ಬಾಯಲ್ಲಿ ಕಚ್ಚಿದ್ದ ಪಿನ್ನುಗಳನ್ನು ತೆಗೆಯದೆ ಕೇಳಿದರು. "ಕೆಲಸದಿಂದ ಓಡ್ಸಿದ್ರಾ? ಹಾಗಾದ್ರೆ ಬಾ, ಗುಂಡಿಗೆ ಕಾಜ ಹಾಕೋದು ರಾಶಿ ಬಿದ್ದಿದೆ."

ಅವಳು ಹೇಳಿದಳು. ಬಾಗಿಲಿಗೆ ಒರಗಿಕೊಂಡು, ಚಿಕ್ಕಮ್ಮನ ಮುಖ ನೋಡದೆ, ಮಷೀನಿನ ಚಕ್ರ ನೋಡುತ್ತಾ ಹೇಳಿದಳು. ಆ ಕನ್ನಡಕದವರು ಹೋದ ವರ್ಷ ತೀರಿಕೊಂಡರು ಎಂದು ಮೊದಲು ಹೇಳಿದಳು. ಅವರ ಕಾಗದಗಳಲ್ಲಿ ನಿನ್ನ ಪತ್ರ ಸಿಕ್ಕಿತು ಎಂದು ಆಮೇಲೆ. ಚಿಕ್ಕಮ್ಮ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದರು.

"ಇಟ್ಕೊಂಡಿದ್ರಾ?"

"ಹೂಂ."

"ಅಯ್ಯೋ, ಬರ್ತೀನಿ ಅಂದವಳನ್ನ ಬಿಟ್ಟು ಕಾಗದ ಇಟ್ಕೊಂಡ್ರಾ." ಚಿಕ್ಕಮ್ಮ ನಕ್ಕರು. ಆ ನಗು ಎಷ್ಟು ಮೃದುವಾಗಿತ್ತು ಎಂದರೆ ಇಲ್ಲಿಗೇ ನಿಲ್ಲಿಸಿಬಿಡೋಣ ಎಂದು ಅವಳಿಗೆ ಅನ್ನಿಸಿತು. ನಿಲ್ಲಿಸಬಹುದಿತ್ತು. ಚಿಕ್ಕಮ್ಮ ಸಂತೋಷವಾಗಿಯೇ ಇರುತ್ತಿದ್ದರು.

"ಅದರಲ್ಲಿ ಬರ್ತೀನಿ ಅಂತ ಇಲ್ಲ ಚಿಕ್ಕಮ್ಮ."

"ಮತ್ತೆ?"

ಓದಿದಳು. ನಾಲ್ಕನೆಯ ವಾಕ್ಯ ಬಂದಾಗ ಮಾತು ತೊದಲಿತು. ಶಾಲೆಯಲ್ಲಿ ಎದ್ದು ನಿಂತು ಓದು ಎಂದಾಗಲೆಲ್ಲ ಹೀಗೇ ತೊದಲುತ್ತಿತ್ತು, ಎಲ್ಲರೂ ನಗುತ್ತಿದ್ದರು, ಒಂದು ದಿನ ಅವಳು ಹೋಗುವುದನ್ನೇ ಬಿಟ್ಟಿದ್ದಳು. ಇವತ್ತು ಬಿಡಲಿಲ್ಲ, ಓದಿ ಮುಗಿಸಿದಳು.

"ಇನ್ನೊಂದ್ಸಲ ಓದು."

ಓದಿದಳು.

"ಇದು ನಾನು ಹೇಳಿದ್ದಲ್ಲ."

"ಅಲ್ಲ."

"ನೀನು ಅವತ್ತು ಓದಿ ಹೇಳಿದ್ದೂ ಇದಲ್ಲ." ಚಿಕ್ಕಮ್ಮ ಎಲ್ಲ ನೆನಪಿಟ್ಟಿದ್ದರು. "ಇಷ್ಟೊಂದು ಸಾಲು ಏನೇ ಇದು ಅಂದೆ ನಾನು. ಅಕ್ಷರ ದಪ್ಪ ಇದೆ ಚಿಕ್ಕಮ್ಮ, ಅದಕ್ಕೆ ಜಾಗ ತಗೊಳ್ತು ಅಂದೆ ನೀನು. ಬೆರಳಿಟ್ಟು ಓದಿದೆ. ಬರ್ತೀನಿ ಅಂತ. ಆ ಒಂದು ಮಾತಿಗೆ ಈ ಕಡೆಯಿಂದ ಆ ಕಡೆವರೆಗೆ ಬೆರಳು ಎಳೆದೆ."

ಅದನ್ನು ಅವಳು ಮರೆತಿದ್ದಳು. ಇಲ್ಲ, ಮರೆತಿರಲಿಲ್ಲ.

"ಯಾಕೆ ಹಾಗೆ ಓದ್ದೆ?"

"ಹಾಳೆ ಹಾಳು ಮಾಡ್ದೆ ಅಂತ ಬೈತೀಯ ಅಂತ."

"ಬರೆದದ್ದು ಯಾಕೆ ಹಾಗೆ?"

"ಗೊತ್ತಿಲ್ಲ," ಎಂದಳು. ಸುಳ್ಳಲ್ಲ. ನಿಜವೂ ಅಷ್ಟೇ ಅಲ್ಲ. ಹೇಳದೆ ಉಳಿದದ್ದನ್ನು ಮುಚ್ಚಲೋ ಏನೋ, ಬಾಯಿ ತಾನಾಗಿ ಮುಂದೆ ಓಡಿತು. "ಅವರಿಗೂ ಅನುಮಾನ ಬಂದಿತ್ತು ಚಿಕ್ಕಮ್ಮ. ಆ ಪದದ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಿದ್ದಾರೆ. ಬಂದು ಕೇಳಬಹುದಿತ್ತು ಅವರು."

"ಅವರ ಮಾತು ಹಾಗಿರಲಿ." ಚಿಕ್ಕಮ್ಮನ ಧ್ವನಿ ಏರಲಿಲ್ಲ. "ನೀನು ಇದೇ ಮನೇಲಿ ಇದ್ದೆ. ಅವರು ಕೇಳ್ಬೇಕಾದ್ರೆ ಇಲ್ಲಿಗೆ ಬರ್ಬೇಕಿತ್ತು, ನೀನು ಎಲ್ಲಿಗೂ ಹೋಗದೇನೇ ಹೇಳಬಹುದಿತ್ತು." ಕೈ ಚಾಚಿ ಅವಳ ಕೈಯಿಂದ ಕಾಗದ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು ನೋಡಿದರು. "ಇದು ಆ ಕಾಗದಾನೇನಾ?"

"ಅಲ್ಲ. ಅದನ್ನ ಹೊರಗೆ ತರೋ ಹಾಗಿಲ್ಲ. ನೋಡ್ಕೊಂಡು ನಾನು ಬರ್ಕೊಂಡು ಬಂದೆ."

"ಇದೂ ನಿಂದೇ." ಕಾಗದವನ್ನು ಮಡಿಸಿ ಅವಳ ಕೈಗೇ ಇಟ್ಟರು. "ನಡಿ. ನಾನು ಅದನ್ನ ನೋಡ್ಬೇಕು."

ಕುತ್ತಿಗೆಯ ಸುತ್ತ ಅಳತೆಯ ಟೇಪು ಹಾಗೇ ಇತ್ತು. ಬೀದಿಯಲ್ಲಿ ಅವಳು ಅದನ್ನು ಹೇಳಲಿಲ್ಲ. ಚಿಕ್ಕಮ್ಮ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದರು, ಅವಳು ಹಿಂದೆ. ಎಂದಾದರೂ ಹೀಗೆ ನಡೆದದ್ದು ಅವಳಿಗೆ ನೆನಪಿಲ್ಲ. ಬಾಗಿಲಿನ ಕಾವಲಿನವನು ಬಂದವರ ಪುಸ್ತಕವನ್ನು ಮುಂದೆ ತಳ್ಳಿ ಪೆನ್ ಕೊಟ್ಟ. ಚಿಕ್ಕಮ್ಮನ ಬೆರಳುಗಳು ಸ್ವಚ್ಛವಾಗಿದ್ದವು. ಅವಳು ರೂಢಿಯಂತೆ ಪೆನ್ನಿಗೆ ಕೈ ಚಾಚಿದಳು. ಚಿಕ್ಕಮ್ಮ ಅವಳ ಕೈಯನ್ನು ಸರಿಸಿ, ಕಾವಲಿನವನಿಗೆ, "ನನಗೆ ಓದು ಬರಹ ಬರಲ್ಲಪ್ಪ. ನೀವೇ ಬರ್ಕೊಳ್ಳಿ," ಎಂದರು. ಇಷ್ಟು ವರ್ಷ ಎಣ್ಣೆಯ ಅಡಿಯಲ್ಲಿ ಮುಚ್ಚಿಟ್ಟದ್ದನ್ನು ಗುರುತಿಲ್ಲದವನ ಮುಂದೆ ಹೀಗೆ, ಸಮಯ ಎಷ್ಟಾಯಿತು ಎನ್ನುವಂತೆ. ಅವನು ಶಾಯಿಯ ಪ್ಯಾಡು ಹುಡುಕಿದ. ನೀಲಿಯಾದ ಹೆಬ್ಬೆರಳನ್ನು ಗಾಳಿಯಲ್ಲಿ ಹೇಗೆ ಹಿಡಿಯಬೇಕೆಂದು ತಿಳಿಯದೆ ಚಿಕ್ಕಮ್ಮ ಮೆಟ್ಟಿಲು ಹತ್ತಿದರು. ಆ ಬೆರಳನ್ನು ಹಿಂದಿನಿಂದ ನೋಡುತ್ತಾ ಬರುವುದು ಅವಳಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಅವಳು ಹಾಳೆಯನ್ನು ತಂದು ಮೇಜಿನ ಮೇಲೆ ಬಿಡಿಸಿಟ್ಟಳು. ಚಿಕ್ಕಮ್ಮ ಮೊದಲು ಹಿಂಬದಿ ನೋಡಿದರು. "ಇದು ಮೂಲೆ ಮನೆಯವರ ದೊಡ್ಡ ಹುಡುಗಿ ಅಳತೆ," ಎಂದರು, ಅಂಕಿಗಳನ್ನು ಓದಿ. ಮುಂಬದಿಗೆ ತಿರುಗಿಸಿ ತೂತು ಬಿದ್ದ ಚುಕ್ಕೆಗಳ ಮೇಲೆ ತೋರುಬೆರಳು ಆಡಿಸಿದರು. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಓದಲು ಬಾಗಿದಳು.

"ನೀನು ಬೇಡ," ಎಂದರು ಚಿಕ್ಕಮ್ಮ. ಕಿಟಕಿಯ ಕಡೆ ತಿರುಗಿ, "ಅಣ್ಣಾ, ಒಂಚೂರು ಇದನ್ನ ಓದಿ ಹೇಳ್ತೀರಾ?"

ಅಂಟಿನಣ್ಣ ಕೈ ಒರೆಸಿಕೊಂಡು ಬಂದ. ಯಾರು, ಏನು ಎಂದು ಅವನಿಗೆ ಗೊತ್ತಿಲ್ಲ. ರೈಲಿನ ವೇಳಾಪಟ್ಟಿ ಓದುವವನ ಹಾಗೆ ಐದೂ ಸಾಲನ್ನು ಓದಿದ. "ಪಾಪ, ಯಾರೋ ಮರ್ಯಾದಸ್ಥರು. ಕೈ ಮುಗಿದು ಬಾಗಿಲು ಹಾಕ್ಕೊಂಡಿದ್ದಾರೆ," ಎಂದು ಸೇರಿಸಿದ.

"ಹಾಗೇ ಕಾಣುತ್ತಾ ನಿಮಗೆ?"

"ಇನ್ನೇನಮ್ಮ? ಕೇಳಿದ್ದಕ್ಕೆ ಧನ್ಯವಾದ, ಇನ್ನು ಹೋಗಿ ಬರ್ತೀನಿ. ಅಂದ್ರೆ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ ಅಂತ."

ಚಿಕ್ಕಮ್ಮ ತಲೆಯಾಡಿಸಿದರು. "ನಾನೇ ಕಳಿಸಿದ್ದು," ಎಂದರು.

ಅಂಟಿನಣ್ಣ ಹಾಳೆಯನ್ನು ಮೆಲ್ಲಗೆ ಅವರ ಕಡೆಗೆ ಸರಿಸಿದ. ಅಷ್ಟರಲ್ಲಿ ಮೇಡಂ ಲಕೋಟೆಗಾಗಿ ಬಂದಿದ್ದರು. ಮಾತು ಕೇಳಿ ಮುಖ ಅರಳಿತು. "ಹೌದಾ? ಕಳಿಸಿದವರೇ ಬಂದು ಗುರುತು ಹಿಡಿಯೋದು ನಮ್ಮಲ್ಲಿ ಇದೇ ಮೊದಲು. ಹಾಗಾದ್ರೆ ಇದು ವಾಪಸ್ ಹೋಗೋದು ಬೇಡ. ಚೀಟಿ ಕೊಡಮ್ಮ ಇಲ್ಲಿ. ವಿಷಯ... ಬೀಳ್ಕೊಡುಗೆ ಅಂತ ಹಾಕೋಣ, ಅಲ್ವಾ?"

"ಅಲ್ಲ," ಎಂದರು ಚಿಕ್ಕಮ್ಮ. "ಒಪ್ಪಿಗೆ ಅಂತ ಹಾಕಿ."

ಮೇಡಂ ಹಾಳೆಯನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು. "ಆದ್ರೆ ಇಲ್ಲಿ ಹಾಗಿಲ್ವಲ್ಲಮ್ಮ. ಕಾಗದದಲ್ಲಿ ಏನಿದೆಯೋ ಅದನ್ನೇ ನಾವು ಬರೀಬೇಕು. ನಾಳೆ ಯಾರಾದ್ರೂ ಓದಿ ನೋಡ್ತಾರೆ. ಮನಸ್ಸಲ್ಲಿದ್ದದ್ದನ್ನ ಬರೆಯೋಕಾಗಲ್ಲ." ಮಾತು ಮೆತ್ತಗಿತ್ತು, ಆದರೆ ಮೇಡಂ ಚಿಕ್ಕಮ್ಮನ ನೀಲಿ ಹೆಬ್ಬೆರಳನ್ನು ನೋಡಿದ್ದನ್ನು ಅವಳು ನೋಡಿದಳು. ಪಾಪ, ತಿಳಿಯದವರು ಎಂಬ ಆ ನೋಟ. ಕೌಂಟರಿನ ಆಚೆಯಿಂದ, ಹತ್ತು ವರ್ಷದ ಎತ್ತರದಿಂದ, ಇನ್ನೊಂದು ಸಲ ನೋಡುತ್ತಿರುವ ಹಾಗಾಯಿತು. ಚಿಕ್ಕಮ್ಮ ಅವಳ ಕಡೆ ತಿರುಗಲಿಲ್ಲ. ಹೇಳು ಅನ್ನಲಿಲ್ಲ. ಅವಳು ಹೇಳುತ್ತಾಳೆ ಎಂಬ ನಿರೀಕ್ಷೆಯೇ ಇಲ್ಲದವರ ಹಾಗೆ ಎರಡೂ ಕೈ ಮೇಜಿನ ಮೇಲಿಟ್ಟು ಕೂತಿದ್ದರು.

"ಮೇಡಂ," ಎಂದಳು ಅವಳು. ಕೆಮ್ಮಿ, ಮತ್ತೆ, "ಮೇಡಂ, ಬರೆದದ್ದು ನಾನು. ಇವರು ನನ್ನ ಚಿಕ್ಕಮ್ಮ. ಇವರು ಹೇಳಿದ್ದು ಬೇರೆ. ನಾನು ಬರೆದದ್ದು ಬೇರೆ." ಅಂಟಿನಣ್ಣ ತನ್ನ ಚಪ್ಪಲಿ ನೋಡಿಕೊಂಡ.

ಮೇಡಂ ಸ್ವಲ್ಪ ಹೊತ್ತು ಪೆನ್ಸಿಲಿನಿಂದ ತುಟಿ ತಟ್ಟಿಕೊಂಡರು. "ಹಾಗಿದ್ರೆ ಟಿಪ್ಪಣಿ ಹಾಕಬಹುದು. ವಿಷಯದ ಸಾಲು ಖಾಲಿ ಬಿಡು. ಕೆಳಗೆ, ಬರೆದವಳ ಹೇಳಿಕೆ ಅಂತ ಶುರು ಮಾಡಿ ನೀನೇ ಬರಿ. ಮೂರು ನಾಲ್ಕು ಸಾಲು ಸಾಕು. ಅದು ಕಾಗದದ ಜೊತೆಗೇ ಇರುತ್ತೆ."

"ಎಷ್ಟು ದಿನ ಇರುತ್ತೆ?" ಚಿಕ್ಕಮ್ಮ ಕೇಳಿದರು.

"ನಾವೆಲ್ಲ ಹೋದ ಮೇಲೂ."

ಅವಳು ಬರೆಯಲು ಕೂತಳು. ಹತ್ತು ನಿಮಿಷವಾಯಿತು. ಒಂದು ವಾಕ್ಯ ಬರೆದು ಅದಕ್ಕೆ ಮುಂಚೆ ಒಂದು ವಿನಯದ ಮಾತು ಸೇರಿಸೋಣ ಅನ್ನಿಸಿತು, ಸೇರಿಸಲಿಲ್ಲ. ಆಗ ನಾನು ಚಿಕ್ಕವಳಾಗಿದ್ದೆ ಎಂದು ಬರೆಯೋಣ ಅನ್ನಿಸಿತು. ಅದನ್ನೂ ಬರೆಯಲಿಲ್ಲ. ಚಿಕ್ಕಮ್ಮ ಗೋಡೆಯ ಕಪಾಟುಗಳನ್ನು, ಅವುಗಳಲ್ಲಿ ಸಾಲಾಗಿ ನಿಂತ ಪೆಟ್ಟಿಗೆಗಳನ್ನು, ಬಟ್ಟೆಯ ಅಂಗಡಿಗೆ ಬಂದವರ ಹಾಗೆ ನೋಡುತ್ತಿದ್ದರು. ಮುಗಿದ ಮೇಲೆ ಅವಳು ಚೀಟಿಯನ್ನು ಹಿಡಿದು, "ಚಿಕ್ಕಮ್ಮ, ಓದ್ಲಾ?" ಎಂದಳು.

"ಆ ಅಣ್ಣನ ಹತ್ತಿರ ಕೊಡು. ಅವರು ಓದ್ತಾರೆ."

ಮಾತಿನಲ್ಲಿ ಕಾವೂ ಇಲ್ಲ, ಸಿಟ್ಟೂ ಇಲ್ಲ. ಕಾಜ ಹಾಕುವುದನ್ನು ಬೇರೆಯವರಿಗೆ ವಹಿಸಿದಂತೆ. ನಾಳೆಯ ಔಷಧಿ ಚೀಟಿ, ಬಾಗಿಲಿಗೆ ಬರುವ ನೋಟೀಸು, ಬಸ್ಸಿನ ಬೋರ್ಡು, ಎಲ್ಲವನ್ನೂ ಇನ್ನು ಯಾರೋ ಓದುತ್ತಾರೆ ಎಂದು ಅವಳಿಗೆ ಅರ್ಥವಾಯಿತು. ಅವಳು ಚೀಟಿಯನ್ನು ಅಂಟಿನಣ್ಣನ ಕೈಗೆ ಕೊಟ್ಟಳು. ಅವನು ಈ ಸಲ ವೇಳಾಪಟ್ಟಿಯ ಹಾಗೆ ಓದಲಿಲ್ಲ. ಚಿಕ್ಕಮ್ಮನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ಪದ ಪದ ಬಿಡಿಸಿ ಓದಿದ.

"'ಬರೆದವಳ ಹೇಳಿಕೆ. ಈ ಪತ್ರವನ್ನು ನನ್ನ ಚಿಕ್ಕಮ್ಮ ಹೇಳಿ ಬರೆಸಿದರು. ಅವರು ಹೇಳಿದ್ದು ಬರುತ್ತೇನೆ ಎಂಬ ಒಂದೇ ಮಾತು. ಉಳಿದದ್ದೆಲ್ಲ ನಾನು ಸೇರಿಸಿದ್ದು. ಅವರಿಗೆ ಓದಿ ಹೇಳುವಾಗ, ಸೇರಿಸಿದ್ದನ್ನು ಬಿಟ್ಟು ಓದಿದೆ. ಅವರು ನನ್ನನ್ನು ಬಿಟ್ಟು ಹೊರಟುಹೋಗುತ್ತಾರೆ ಎಂದು ನನಗೆ ಭಯವಿತ್ತು.'"

ಚಿಕ್ಕಮ್ಮ ಪ್ರತಿ ವಾಕ್ಯಕ್ಕೂ ಹೂಂ ಎನ್ನುತ್ತಿದ್ದರು. ಕೊನೆಯದಕ್ಕೆ ಅನ್ನಲಿಲ್ಲ. ಅವಳು ಮೇಜಿನ ಈ ಬದಿಯಲ್ಲಿ ನಿಂತು, ತನ್ನ ವಾಕ್ಯಗಳನ್ನು ಇನ್ನೊಬ್ಬರ ಬಾಯಲ್ಲಿ, ಪದದ ಹಿಂದೆ ಪದ, ಅವನ ಬೆರಳಿನ ಜೊತೆಗೆ ಕಣ್ಣು ಓಡಿಸುತ್ತಾ ಕೇಳಿಸಿಕೊಂಡಳು. ಅವನು ಒಂದಕ್ಷರವನ್ನೂ ಬಿಡಲಿಲ್ಲ.